ಸೂಪರ್‌ಹೀರೋ ಚಿತ್ರದ ಕಥೆ ಮತ್ತು ಓಟ: ಬಿಚ್ಚಿ ನೋಡುವುದು ಹೇಗೆ, ಕಟ್ಟುವುದು ಹೇಗೆ

ಸೂಪರ್‌ಹೀರೋ ಚಿತ್ರಕಥೆ ಬರೆಯಲು ಹೊರಟ ಓದುಗರ ಪ್ರಶ್ನೆಗಳು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ. ನಾಯಕನಿಗೆ ಶಕ್ತಿ ಎಷ್ಟನೇ ನಿಮಿಷಕ್ಕೆ ಸಿಗಬೇಕು? ಹೊಡೆದಾಟ ಎಷ್ಟಿದ್ದರೆ ಸಾಕು? ಗ್ರಾಫಿಕ್ಸ್‌ಗೆ ಕೋಟಿಗಟ್ಟಲೆ ಸುರಿದ ಚಿತ್ರವೂ ಮಧ್ಯಂತರದ ನಂತರ ಏಕೆ ಎಳೆಯುತ್ತದೆ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರೇಕ್ಷಕರ ಮನಸ್ಸಿನಲ್ಲಿರುವ ಪ್ರಶ್ನೆ ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತದೆಯೋ ಅದೇ ಚಿತ್ರದ ಓಟ. ‘ಇವನು ಸೆರೆಯಿಂದ ಪಾರಾಗುತ್ತಾನೆಯೇ’ ಎಂದು ಕೇಳುತ್ತಿದ್ದವರು ಸ್ವಲ್ಪ ಹೊತ್ತಿನಲ್ಲಿ ‘ಪಾರಾಗಿ ಬಂದವನು ಇನ್ನು ಯಾರನ್ನು ನಂಬಬೇಕು’ ಎಂದು ಕೇಳುವಂತಾಗಬೇಕು. ಪ್ರಶ್ನೆ ನಿಂತಲ್ಲೇ ನಿಂತರೆ ಹತ್ತು ಹೆಲಿಕಾಪ್ಟರ್ ಉರುಳಿದರೂ ಸೀಟಿನಲ್ಲಿ ಕುಳಿತವರು ಮೊಬೈಲ್ ತೆಗೆಯುತ್ತಾರೆ. ಕೆಳಗಿನ ಹಂತಗಳೆಲ್ಲ ಈ ಮಾತನ್ನು ಅಳೆಯುವ, ಬಳಸುವ ದಾರಿಗಳು. ಮೊದಲ ಆರು ಹಂತಗಳಲ್ಲಿ ಬೇರೆಯವರ ಚಿತ್ರವೊಂದನ್ನು ಬಿಚ್ಚುತ್ತೀರಿ, ಉಳಿದವುಗಳಲ್ಲಿ ನಿಮ್ಮದನ್ನು ಕಟ್ಟುತ್ತೀರಿ.

ಬೇಕಾದದ್ದು ಹೆಚ್ಚೇನಿಲ್ಲ: ನಿಲ್ಲಿಸಿ, ಹಿಂದಕ್ಕೆ ಸರಿಸಿ ನೋಡಬಹುದಾದ ಒಂದು ಚಿತ್ರ, ಉದ್ದನೆಯ ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಅಡ್ಡಿಯಿಲ್ಲದ ಎರಡು ದಿನ. ಚಿತ್ರಕಥೆ ಬರೆಯುವ ದುಬಾರಿ ಸಾಫ್ಟ್‌ವೇರ್ ಈಗಲೇ ಬೇಡ. ಕೊಂಡರೆ ಅದರ ಮೆನುಗಳನ್ನು ಕಲಿಯುವುದರಲ್ಲೇ ಒಂದು ವಾರ ಹೋಗುತ್ತದೆ.

ಹಂತ 1: ಚಿತ್ರವನ್ನು ಆರಿಸಿಕೊಳ್ಳಿ

ಈಗಾಗಲೇ ನೋಡಿರುವ ಚಿತ್ರವನ್ನೇ ಆರಿಸಿ. ಮೊದಲ ಸಲ ನೋಡುವಾಗ ನೀವು ಪ್ರೇಕ್ಷಕರು; ಕಥೆ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ, ಪೆನ್ನು ಕೈಯಲ್ಲೇ ಉಳಿಯುತ್ತದೆ.

ಸರಣಿಯ ಮೊದಲ ಭಾಗವಾದರೆ ಒಳ್ಳೆಯದು. 2008ರ ‘ಐರನ್ ಮ್ಯಾನ್’ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ: 126 ನಿಮಿಷ, ಒಬ್ಬ ನಾಯಕ, ಒಬ್ಬ ಖಳ. ಅದೇ ಸರಣಿಯ 22ನೆಯ ಚಿತ್ರವಾಗಿ 2019ರಲ್ಲಿ ಬಂದ ‘ಅವೆಂಜರ್ಸ್: ಎಂಡ್‌ಗೇಮ್’ 181 ನಿಮಿಷ ಓಡುತ್ತದೆ. ಅದರ ಎಷ್ಟೋ ದೃಶ್ಯಗಳು ಹಿಂದಿನ ಚಿತ್ರಗಳ ಬಾಕಿ ತೀರಿಸಲೆಂದೇ ಇವೆ. ಅದನ್ನು ಮಾದರಿಯಾಗಿಟ್ಟುಕೊಂಡು ಮೊದಲ ಚಿತ್ರಕಥೆ ಬರೆಯಲು ಕುಳಿತರೆ ಪಾತ್ರಗಳ ಸಂತೆ ನೆರೆಯುತ್ತದೆ, ಕಥೆ ಮಾತ್ರ ಇರುವುದಿಲ್ಲ.

ಹಂತ 2: ದೃಶ್ಯಪಟ್ಟಿ ಮಾಡಿ

ಪುಟವನ್ನು ನಾಲ್ಕು ಅಂಕಣಗಳಾಗಿ ಗೆರೆ ಎಳೆಯಿರಿ. ಮೊದಲನೆಯದರಲ್ಲಿ ದೃಶ್ಯ ಶುರುವಾದ ನಿಮಿಷ. ಎರಡನೆಯದರಲ್ಲಿ ಸ್ಥಳ ಮತ್ತು ಅಲ್ಲಿರುವವರು. ಮೂರನೆಯದರಲ್ಲಿ ಈ ದೃಶ್ಯದಲ್ಲಿ ಯಾರಿಗೆ ಏನು ಬೇಕಾಗಿದೆ ಎಂಬುದು. ನಾಲ್ಕನೆಯದರಲ್ಲಿ ದೃಶ್ಯ ಮುಗಿಯುವಾಗ ಏನು ಬದಲಾಯಿತು ಎಂಬುದು. ಬದಲಾವಣೆಯ ಅತಿ ಚಿಕ್ಕ ತುಣುಕಿಗೆ ಚಿತ್ರಕಥೆಗಾರರು ‘ಬೀಟ್’ ಎನ್ನುತ್ತಾರೆ. ಒಂದು ದೃಶ್ಯದಲ್ಲಿ ಎರಡು ಮೂರು ಬೀಟ್‌ಗಳಿರಬಹುದು. ಸದ್ಯಕ್ಕೆ ದೃಶ್ಯಕ್ಕೆ ಒಂದು ಸಾಲು ಸಾಕು. ಪಟ್ಟಿ ಎಂಬತ್ತು ಸಾಲು ದಾಟಿದರೆ ಗಾಬರಿಯಾಗಬೇಡಿ.

ಹೆಚ್ಚಿನವರು ಎಡವುವುದು ನಾಲ್ಕನೆಯ ಅಂಕಣದಲ್ಲಿ. ‘ನಾಯಕ ಗೆಳತಿಯ ಜೊತೆ ಮಾತನಾಡುತ್ತಾನೆ’ ಎಂದು ಬರೆದಿಡುತ್ತಾರೆ. ಅದು ನಡೆದದ್ದು, ಬದಲಾದದ್ದಲ್ಲ. ‘ಅವನು ಸುಳ್ಳು ಹೇಳುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು’ ಎಂಬುದು ಬದಲಾವಣೆ. ಅಂಕಣ ತುಂಬಿಸಲು ಏನೂ ಸಿಗದಿದ್ದರೆ ಖಾಲಿ ಬಿಡಿ, ಏನನ್ನಾದರೂ ಕಲ್ಪಿಸಿ ತುಂಬಬೇಡಿ. ಆ ಖಾಲಿ ಜಾಗಗಳೇ ಮುಂದೆ ನಿಮಗೆ ಹೆಚ್ಚು ಕಲಿಸುತ್ತವೆ.

ಒಟ್ಟು ಅವಧಿಯಿಂದ ಕೊನೆಯಲ್ಲಿ ಹೆಸರುಗಳು ಓಡುವ ಭಾಗವನ್ನು ಕಳೆಯಲು ಮರೆಯಬೇಡಿ. ಗ್ರಾಫಿಕ್ಸ್ ಕಲಾವಿದರ ಪಟ್ಟಿಯೇ ನಿಮಿಷಗಟ್ಟಲೆ ಉದ್ದವಿರುವ ಈ ಚಿತ್ರಗಳಲ್ಲಿ, ಅದನ್ನೂ ಸೇರಿಸಿ ಅರ್ಧ, ಮುಕ್ಕಾಲು ಎಂದು ಲೆಕ್ಕ ಹಾಕಿದರೆ ಗುರುತುಗಳೆಲ್ಲ ಜಾರಿಹೋಗುತ್ತವೆ.

ಹಂತ 3: ಐದು ತಿರುವುಗಳನ್ನು ಗುರುತಿಸಿ

ಪಟ್ಟಿ ಮುಗಿದ ಮೇಲೆ ಎರಡನೆಯ ಬಣ್ಣದ ಪೆನ್ನು ತೆಗೆದುಕೊಳ್ಳಿ. ಹಾಲಿವುಡ್‌ನಲ್ಲಿ ಕಥೆಯನ್ನು ಮೂರು ಅಂಕಗಳಾಗಿ ನೋಡುವುದು ರೂಢಿ: ಮೊದಲ ಕಾಲು ಭಾಗ ಪರಿಚಯ, ನಡುವಿನ ಅರ್ಧ ಸಂಘರ್ಷ, ಕೊನೆಯ ಕಾಲು ಭಾಗ ಪರಿಹಾರ. ಈ ಹಂಚಿಕೆಯ ಒಳಗೆ ಐದು ತಿರುವುಗಳನ್ನು ಹುಡುಕಿ.

ಮೊದಲನೆಯದು ಕೆಣಕುವ ಘಟನೆ. ನಾಯಕನ ಎಂದಿನ ಬದುಕು ಅಲ್ಲಿಗೆ ತಪ್ಪುತ್ತದೆ. ಎರಡನೆಯದು ಹೊಸ್ತಿಲು ದಾಟುವುದು, ಅಂದರೆ ಹಿಂದಕ್ಕೆ ಹೋಗಲಾರದ ನಿರ್ಧಾರ. ಮೂರನೆಯದು ನಡುಬಿಂದು, ಅದುವರೆಗೆ ತಿಳಿದಿದ್ದ ಕಥೆಯ ಅರ್ಥವೇ ಇಲ್ಲಿ ಮಗ್ಗುಲು ಬದಲಿಸುತ್ತದೆ. ನಾಲ್ಕನೆಯದು ಕುಸಿತ, ಶಕ್ತಿಯೋ ಪ್ರೀತಿಯೋ ನಂಬಿಕೆಯೋ ಕೈಬಿಟ್ಟುಹೋಗುವ ಜಾಗ. ಐದನೆಯದು ಕೊನೆಯ ಆಯ್ಕೆ.

‘ಐರನ್ ಮ್ಯಾನ್’ ಚಿತ್ರದಲ್ಲಿ ಇವುಗಳಲ್ಲಿ ಮೊದಲ ನಾಲ್ಕನ್ನು ಬೆರಳಿಟ್ಟು ತೋರಿಸಬಹುದು. ಶಸ್ತ್ರಾಸ್ತ್ರ ತಯಾರಕ ಟೋನಿ ಸ್ಟಾರ್ಕ್ ಅಫ್ಘಾನಿಸ್ತಾನದಲ್ಲಿ ಸೆರೆಯಾಗುವುದು ಕೆಣಕುವ ಘಟನೆ. ಅದನ್ನು ಚಿತ್ರ ಮೊದಲ ನಿಮಿಷಗಳಲ್ಲೇ ತೋರಿಸಿ, ಆಮೇಲೆ 36 ಗಂಟೆ ಹಿಂದಕ್ಕೆ ಹೋಗಿ ಅವನ ಪರಿಚಯ ಮಾಡಿಕೊಡುತ್ತದೆ. ಪರಿಚಯದ ದೃಶ್ಯಗಳನ್ನು ನಾವು ತಾಳ್ಮೆಯಿಂದ ನೋಡುವುದು ಮುಂದೆ ಅವನಿಗೇನು ಕಾದಿದೆ ಎಂದು ಗೊತ್ತಿರುವುದರಿಂದ. ಮೂರನೇ ಒಂದು ಭಾಗದ ಹೊತ್ತಿಗೆ ಗುಹೆಯಲ್ಲೇ ಕಟ್ಟಿದ ಕವಚ ತೊಟ್ಟು ಪಾರಾಗುತ್ತಾನೆ, ಊರಿಗೆ ಮರಳಿ ಶಸ್ತ್ರಾಸ್ತ್ರ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸುತ್ತಾನೆ. ಅರ್ಧ ದಾಟುವ ಹೊತ್ತಿಗೆ, ತನ್ನನ್ನು ಕಂಪನಿಯಿಂದ ಹೊರಗಿಡಲು ಹೊರಟವನು ತಂದೆಯ ಕಾಲದಿಂದ ಜೊತೆಗಿದ್ದ ಹಿರಿಯನೇ ಎಂಬುದು ತಿಳಿಯುತ್ತದೆ. ಶತ್ರು ಮರುಭೂಮಿಯಿಂದ ಮನೆಯೊಳಕ್ಕೆ ಬಂದ. ಮುಕ್ಕಾಲು ಭಾಗದಲ್ಲಿ ಅದೇ ಹಿರಿಯ ಅವನ ಎದೆಯಲ್ಲಿದ್ದು ಜೀವ ಕಾಯುತ್ತಿದ್ದ ಯಂತ್ರವನ್ನೇ ಕಿತ್ತುಕೊಳ್ಳುತ್ತಾನೆ. ಆಗ ಜೀವ ಉಳಿಸುವುದು, ಹಿಂದೊಮ್ಮೆ ಕಾರ್ಯದರ್ಶಿ ತಮಾಷೆಯ ಉಡುಗೊರೆಯಾಗಿ ಗಾಜಿನೊಳಗಿಟ್ಟು ಕೊಟ್ಟಿದ್ದ ಹಳೆಯ ಯಂತ್ರ. ಮೊದಲು ಸದ್ದಿಲ್ಲದೆ ಇಟ್ಟ ವಸ್ತುವನ್ನು ಆಮೇಲೆ ದುಡಿಸಿಕೊಳ್ಳುವ ಈ ಜಾಣತನವನ್ನು ನಿಮ್ಮ ಪಟ್ಟಿಯಲ್ಲಿ ಬಾಣ ಎಳೆದು ಗುರುತಿಸಿ. ಬಾಣಗಳು ಹೆಚ್ಚಿದ್ದಷ್ಟೂ ಕಥೆ ಬಿಗಿಯಾಗಿರುತ್ತದೆ.

ಇದು ಅಮೆರಿಕದವರ ಲೆಕ್ಕ, ನಮಗೇಕೆ ಎನ್ನುವವರು ಭರತನ ನಾಟ್ಯಶಾಸ್ತ್ರವನ್ನು ಕೈಗೆತ್ತಿಕೊಳ್ಳಬಹುದು. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳಲ್ಲಿ ಬೀಜ ಬಿತ್ತುವುದು, ಮೊಳೆಯುವುದು, ಸಿಕ್ಕಂತಾಗಿ ಕೈತಪ್ಪುವುದು, ಅಡ್ಡಿಗೆ ಸಿಲುಕಿ ಸಂಶಯ ಹುಟ್ಟುವುದು, ಎಲ್ಲ ಎಳೆಗಳೂ ಕೂಡುವುದು ಕ್ರಮವಾಗಿ ಬರುತ್ತವೆ. ಸಂಧಿಗಳನ್ನೇ ಇಟ್ಟುಕೊಂಡು ಇದೇ ಚಿತ್ರವನ್ನು ಬಿಚ್ಚಿದರೂ ಹೆಚ್ಚುಕಡಿಮೆ ಇವೇ ಗುರುತುಗಳು ಸಿಗುತ್ತವೆ. ನನಗಂತೂ ‘ನಡುಬಿಂದು’ ಎಂಬ ಒಂದು ಚುಕ್ಕೆಗಿಂತ, ಸಿಗುವುದೂ ತಪ್ಪುವುದೂ ಹೆಣೆದುಕೊಂಡೇ ಸಾಗುವ ‘ಗರ್ಭ’ದ ಕಲ್ಪನೆ ಚಿತ್ರದ ಮಧ್ಯಭಾಗವನ್ನು ಬರೆಯಲು ಹೆಚ್ಚು ಉಪಯುಕ್ತ ಎನಿಸಿದೆ.

ಎಚ್ಚರಿಕೆ ಒಂದು: ಬೆಂಗಳೂರಿನ ಚಿತ್ರಮಂದಿರಗಳಲ್ಲಿ ಇಂಗ್ಲಿಷ್ ಚಿತ್ರಗಳಿಗೂ ಮಧ್ಯಂತರ ಬಿಡುತ್ತಾರೆ. ಮಾತು ಅರ್ಧದಲ್ಲಿರುವಾಗ ದೀಪ ಹತ್ತಿದ ಅನುಭವ ನಿಮಗೂ ಇರಬಹುದು. ಆ ವಿರಾಮ ಚಿತ್ರ ಮಾಡಿದವರು ಇಟ್ಟದ್ದಲ್ಲ, ಅವರು ಬರೆಯುವಾಗ ಪಾಪ್‌ಕಾರ್ನ್ ಸಾಲಿನ ಯೋಚನೆ ಅವರಿಗಿರುವುದಿಲ್ಲ. ಚಿತ್ರಮಂದಿರದ ಮಧ್ಯಂತರವನ್ನೇ ನಡುಬಿಂದು ಎಂದು ಬರೆದುಕೊಳ್ಳಬೇಡಿ.

ಎಚ್ಚರಿಕೆ ಎರಡು: ಈ ಭಾಗಾಕಾರ ಅಂದಾಜಿನದು. 1978ರ ‘ಸೂಪರ್‌ಮ್ಯಾನ್’ ಚಿತ್ರದಲ್ಲಿ ನಾಯಕ ವೇಷ ತೊಟ್ಟು ಊರ ಜನರ ಕಣ್ಣೆದುರು ಮೊದಲ ಸಾಹಸ ಮಾಡುವುದು ಒಂದು ಗಂಟೆ ದಾಟಿದ ಮೇಲೆ. ಅಲ್ಲಿಯವರೆಗೆ ಅಳಿದ ಗ್ರಹ, ಹಳ್ಳಿಯ ಬಾಲ್ಯ, ಸಾಕುತಂದೆಯ ಸಾವು ಎಂದು ಪ್ರಶ್ನೆಗಳು ಬದಲಾಗುತ್ತಲೇ ಇರುತ್ತವೆ. ಹಾಗಾಗಿ ಶಕ್ತಿ ಎಷ್ಟನೇ ನಿಮಿಷಕ್ಕೆ ಸಿಗಬೇಕು ಎಂದು ಕೇಳುವವರಿಗೆ ನನ್ನ ಉತ್ತರ: ಅದಕ್ಕೆ ಮುಂಚಿನ ಪ್ರಶ್ನೆ ಹಳಸುವ ಮೊದಲು.

ಹಂತ 4: ಎದುರಾಳಿಯ ದಿನಚರಿ ಬರೆಯಿರಿ

ಹೆಚ್ಚಿನ ಮಾರ್ಗದರ್ಶಿಗಳು ಈ ಹಂತವನ್ನು ಹಾರಿಸಿಬಿಡುತ್ತವೆ. ಸೂಪರ್‌ಹೀರೋ ಕಥೆಯಲ್ಲಿ ನಾಯಕ ಬಹುತೇಕ ಪ್ರತಿಕ್ರಿಯಿಸುವವನು. ಮೊದಲ ಹೆಜ್ಜೆ ಇಡುವವನು ಖಳ. ಕಥೆಯ ಯಂತ್ರ ಖಳನ ಕೈಯಲ್ಲಿರುವಾಗ ನಾಯಕನ ಪಕ್ಕದಲ್ಲೇ ನಿಂತು ನೋಡಿದರೆ ಅರ್ಧ ಕಥೆ ಕಾಣುವುದಿಲ್ಲ. ಹೊಸ ಪುಟ ತೆಗೆದು, ಪರದೆಯ ಮೇಲೆ ಕಾಣದ ಸಮಯವೂ ಸೇರಿ, ಖಳ ಯಾವಾಗ ಏನು ಮಾಡುತ್ತಿದ್ದ ಎಂದು ಬರೆಯಿರಿ.

2018ರ ‘ಅವೆಂಜರ್ಸ್: ಇನ್ಫಿನಿಟಿ ವಾರ್’ ಚಿತ್ರವನ್ನು ಹೀಗೆ ಬರೆದು ನೋಡಿ. ಗುರಿ ಇಟ್ಟುಕೊಂಡು ಹೊರಡುವವನು, ಅಡ್ಡಿಗಳನ್ನು ದಾಟುವವನು, ಗುರಿಗಾಗಿ ಅತ್ಯಂತ ಪ್ರಿಯವಾದುದನ್ನು ಬಲಿ ಕೊಡುವವನು, ಕೊನೆಗೆ ಗೆಲ್ಲುವವನು ಎಲ್ಲವೂ ಖಳ ಥಾನೋಸ್. ರಚನೆಯ ದೃಷ್ಟಿಯಿಂದ ಅವನೇ ಕಥಾನಾಯಕ. ಅವನು ಕೂಡಿಸಬೇಕಾದ ಆರು ರತ್ನಗಳಲ್ಲಿ ಎರಡು ಆರಂಭದ ದೃಶ್ಯ ಮುಗಿಯುವುದರೊಳಗೆ ಅವನ ಕೈ ಸೇರಿರುತ್ತವೆ. ಪಾತ್ರಗಳು ಬಾಹ್ಯಾಕಾಶ, ನ್ಯೂಯಾರ್ಕ್, ವಕಾಂಡಾ ಎಂದು ಚದುರಿದರೂ ನಮಗೆ ದಾರಿ ತಪ್ಪುವುದಿಲ್ಲ, ಏಕೆಂದರೆ ಎಷ್ಟು ರತ್ನ ಸಿಕ್ಕಿವೆ, ಎಷ್ಟು ಉಳಿದಿವೆ ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿರುತ್ತದೆ. 149 ನಿಮಿಷದ ಆ ಚಿತ್ರ ಇಷ್ಟು ಜನರನ್ನು ಹೊತ್ತು ಓಡುವುದಕ್ಕೆ ಆ ಎಣಿಕೆಯೇ ಕಾರಣ. ನಿಮ್ಮ ಕಥೆಯಲ್ಲೂ ಪ್ರೇಕ್ಷಕರು ಬೆರಳು ಮಡಚಿ ಎಣಿಸಬಹುದಾದ ಒಂದು ಲೆಕ್ಕ ಇರಲಿ.

2008ರ ‘ದಿ ಡಾರ್ಕ್ ನೈಟ್’ ಚಿತ್ರದಲ್ಲಿ ಇನ್ನೊಂದು ಬಗೆ. ಬ್ಯಾಟ್‌ಮ್ಯಾನ್‌ನ ಎದುರಾಳಿ ಜೋಕರ್ ಸೆರೆ ಸಿಕ್ಕಾಗ ಕಥೆ ಮುಗಿಯಿತೇನೋ ಎನಿಸುತ್ತದೆ. ದಿನಚರಿ ಬರೆದರೆ ಸೆರೆ ಸಿಕ್ಕುವುದೇ ಅವನ ಯೋಜನೆಯ ಒಂದು ಮೆಟ್ಟಿಲು ಎಂಬುದು ಕಾಣುತ್ತದೆ. ಇಬ್ಬರನ್ನು ಎರಡು ಕಡೆ ಕಟ್ಟಿಹಾಕಿ, ಯಾರು ಎಲ್ಲಿದ್ದಾರೆಂಬ ವಿಳಾಸವನ್ನು ಅದಲುಬದಲು ಮಾಡಿ ಹೇಳುತ್ತಾನೆ. ನಾಯಕನ ಶಕ್ತಿಯನ್ನು ಅವನು ಮುಟ್ಟುವುದೂ ಇಲ್ಲ. ಶಕ್ತಿಯನ್ನು ಎಲ್ಲಿ ಬಳಸಬೇಕೆಂಬ ತಿಳಿವಳಿಕೆಯನ್ನೇ ಕೆಡಿಸುತ್ತಾನೆ.

ನಮ್ಮ ನೆರೆಯ ಮಲಯಾಳಂನ ‘ಮಿನ್ನಲ್ ಮುರಳಿ’ (2021) ನಮ್ಮವರಿಗೆ ಇನ್ನೂ ಹತ್ತಿರದ ಪಾಠ. ಅಮೆರಿಕಕ್ಕೆ ಹೋಗುವ ಕನಸು ಕಾಣುವ ದರ್ಜಿಗೂ, ಊರವರು ಹುಚ್ಚನೆಂದು ದೂರವಿಟ್ಟ ಮತ್ತೊಬ್ಬನಿಗೂ ಒಂದೇ ರಾತ್ರಿ ಸಿಡಿಲು ಬಡಿಯುತ್ತದೆ. ಒಂದೇ ಶಕ್ತಿ, ಎರಡು ಬದುಕು. ಇಬ್ಬರ ದಿನಚರಿಯನ್ನೂ ಅಕ್ಕಪಕ್ಕ ಬರೆಯಿರಿ. ಖಳನ ಅಂಕಣವನ್ನು ಮಾತ್ರ ಓದಿದರೆ ಅದು ಒಂದು ಪ್ರೇಮಕಥೆ. ಕೋಟೆ, ಪ್ರಯೋಗಶಾಲೆ, ಕಪ್ಪು ಕೋಟು ಯಾವುದೂ ಇಲ್ಲದೆ ಖಳನನ್ನು ಹೀಗೆ ಕಟ್ಟಬಹುದು.

ಇಲ್ಲಿಯ ಸಾಮಾನ್ಯ ತಪ್ಪು: ನಾಯಕನಿಗೆ ಬಿಡುವಾದಾಗ ಮಾತ್ರ ಖಳ ಕೆಲಸ ಮಾಡುವುದು. ನಾಯಕ ಹಾಡಿನಲ್ಲಿರುವ ಐದು ನಿಮಿಷ ಖಳನೂ ರಜೆಯಲ್ಲಿದ್ದರೆ ಕಥೆ ನಿಂತುಬಿಡುತ್ತದೆ.

ಹಂತ 5: ಹೊಡೆದಾಟಗಳನ್ನು ತೂಗಿ

ದೊಡ್ಡ ಸಾಹಸ ಸನ್ನಿವೇಶಕ್ಕೆ ‘ಸೆಟ್‌ಪೀಸ್’ ಎಂಬ ಹೆಸರಿದೆ: ಹೆಚ್ಚು ಹಣ, ಹೆಚ್ಚು ತಯಾರಿ ಬೇಡುವ, ಟ್ರೇಲರ್‌ನಲ್ಲಿ ಕಾಣಿಸಿಕೊಳ್ಳುವ ದೃಶ್ಯಗುಚ್ಛ. ದೊಡ್ಡ ಬಜೆಟ್ಟಿನ ಚಿತ್ರಗಳಲ್ಲಿ ಇವನ್ನು ಚಿತ್ರೀಕರಣಕ್ಕೆ ಬಹಳ ಮೊದಲೇ ಕಂಪ್ಯೂಟರ್‌ನಲ್ಲಿ ಕಚ್ಚಾ ಅನಿಮೇಷನ್ ಆಗಿ ಕಟ್ಟಿ ನೋಡುತ್ತಾರೆ. ಅದಕ್ಕೆ ‘ಪ್ರೀವಿಸ್’ ಎನ್ನುತ್ತಾರೆ. ಸೆಟ್‌ಪೀಸ್ ಮೊದಲೇ ನಿಗದಿಯಾಗಿ, ಕಥೆಯನ್ನು ಅದರ ಸುತ್ತ ಹೊಲಿದ ಚಿತ್ರಗಳಲ್ಲಿ ಹೊಲಿಗೆ ಎದ್ದು ಕಾಣುತ್ತದೆ.

ನಿಮ್ಮ ಪಟ್ಟಿಯಲ್ಲಿರುವ ಪ್ರತಿ ಸೆಟ್‌ಪೀಸ್ ಮುಂದೆ ಮೂರು ವಿಷಯ ಬರೆಯಿರಿ. ಹೊಡೆಯುವುದರ ಹೊರತಾಗಿ ನಾಯಕ ಇಲ್ಲಿ ಸಾಧಿಸಬೇಕಾದದ್ದು ಏನು? ಎಷ್ಟರೊಳಗೆ? ಗೆದ್ದರೂ ಕಳೆದುಕೊಂಡದ್ದು ಏನು? ಮೂರಕ್ಕೂ ಉತ್ತರವಿದ್ದರೆ ಆ ಸನ್ನಿವೇಶ ಹತ್ತು ನಿಮಿಷವಿದ್ದರೂ ಉದ್ದವೆನಿಸುವುದಿಲ್ಲ. ಒಂದಕ್ಕೂ ಉತ್ತರವಿಲ್ಲದಿದ್ದರೆ ಎರಡು ನಿಮಿಷವೂ ಹೆಚ್ಚು.

2004ರ ‘ಸ್ಪೈಡರ್‌ಮ್ಯಾನ್ 2’ ಚಿತ್ರದ ರೈಲಿನ ಸನ್ನಿವೇಶವನ್ನು ಈ ಪ್ರಶ್ನೆಗಳ ಎದುರು ಇಡಿ. ಸಾಧಿಸಬೇಕಾದದ್ದು, ತುಂಬಿದ ರೈಲನ್ನು ನಿಲ್ಲಿಸುವುದು. ಗಡುವು, ಹಳಿ ಮುಗಿಯುವ ಜಾಗ. ಬೆಲೆ? ರೈಲು ನಿಲ್ಲುತ್ತದೆ, ಅವನು ಪ್ರಜ್ಞೆ ತಪ್ಪುತ್ತಾನೆ, ಮುಖವಾಡವಿಲ್ಲದ ಮುಖವನ್ನು ಪ್ರಯಾಣಿಕರೆಲ್ಲ ನೋಡುತ್ತಾರೆ, ಮರುಕ್ಷಣ ಖಳ ಅವನನ್ನು ಎತ್ತಿಕೊಂಡು ಹೋಗುತ್ತಾನೆ. ಗೆಲುವಿನ ಬಾಲ ಹಿಡಿದೇ ಸೋಲು ಬರುತ್ತದೆ. ಈ ಚಿತ್ರದ ಮೊದಲ ಓಟವನ್ನೂ ಗಮನಿಸಿ. ಅದು ಪಿಜ್ಜಾ ತಲುಪಿಸುವ ಕೆಲಸ. ಗಡುವು ಮೀರುತ್ತದೆ, ದಾರಿಯಲ್ಲಿ ಮಕ್ಕಳನ್ನು ಉಳಿಸಿದವನು ಕೆಲಸ ಕಳೆದುಕೊಳ್ಳುತ್ತಾನೆ. ಊರನ್ನು ಕಾಯುವವನಿಗೆ ಬಾಡಿಗೆ ಕಟ್ಟಲಾಗುವುದಿಲ್ಲ ಎಂಬ ಇಡೀ ಚಿತ್ರದ ಸಂಕಟ ಆ ಪಿಜ್ಜಾದಲ್ಲೇ ಇದೆ. ನನ್ನ ಮಟ್ಟಿಗೆ ಸೂಪರ್‌ಹೀರೋ ಚಿತ್ರಗಳಲ್ಲಿ ಇದಕ್ಕಿಂತ ಚೊಕ್ಕ ಆರಂಭ ಇನ್ನೊಂದಿಲ್ಲ.

ಇನ್ನೊಂದು ಸರಳ ಪರೀಕ್ಷೆ: ಆ ಹೊಡೆದಾಟವನ್ನು ಪಟ್ಟಿಯಿಂದ ಹೊಡೆದುಹಾಕಿ ಮುಂದಿನ ದೃಶ್ಯ ಓದಿ. ಏನೂ ವ್ಯತ್ಯಾಸವಾಗದಿದ್ದರೆ ಅದು ಕಥೆಯ ಭಾಗವೇ ಅಲ್ಲ. ಪ್ರೇಕ್ಷಕರಿಗೆ ಇದು ಗೊತ್ತಾಗುತ್ತದೆ. ಕಾರಣ ಹೇಳಲು ಬರದೆ ‘ಗ್ರಾಫಿಕ್ಸ್ ಚೆನ್ನಾಗಿದೆ, ಆದರೆ ಏನೋ ಎಳೆದಂತಿದೆ’ ಎನ್ನುತ್ತಾರೆ.

ಹಂತ 6: ಬಿಡುವಿನ ದೃಶ್ಯಗಳನ್ನು ನೋಡಿ

ಎರಡು ದೊಡ್ಡ ಸನ್ನಿವೇಶಗಳ ನಡುವೆ ಏನಿದೆ ಎಂದು ಪಟ್ಟಿಯಲ್ಲಿ ನೋಡಿ. ಊಟದ ಮೇಜು, ಗಾಯಕ್ಕೆ ಮದ್ದು, ಮಹಡಿಯ ಮೇಲಿನ ಮಾತು. ಪೆಟ್ಟು ಎಷ್ಟು ಆಳ ಹೋಯಿತು ಎಂದು ತಿಳಿಯುವುದು ಇಂತಹ ಕಡೆಯೇ. ಸಾವಿನ ದೃಶ್ಯ ಮುಗಿದ ಅರ್ಧ ನಿಮಿಷದಲ್ಲಿ ಯಾರೋ ಜೋಕು ಹೊಡೆದರೆ ಮುಂದಿನ ಸಾವನ್ನು ಯಾರೂ ನಂಬುವುದಿಲ್ಲ. ಇದೊಂದು ಕಾಯಿಲೆಯಂತೆ ಹಬ್ಬಿದೆ, ನೀವಾದರೂ ಅಂಟಿಸಿಕೊಳ್ಳಬೇಡಿ.

ಹಂತ 7: ನಿಮ್ಮ ಕಥೆಗೆ ಬನ್ನಿ, ಬೆಂಗಳೂರಿನಲ್ಲೇ ಇಡಿ

ನ್ಯೂಯಾರ್ಕ್‌ನ ಗಗನಚುಂಬಿಗಳನ್ನು ಮಹಾತ್ಮ ಗಾಂಧಿ ರಸ್ತೆಗೆ ತಂದು ನಿಲ್ಲಿಸಿದರೆ ಬೆಂಗಳೂರಿನ ಕಥೆಯಾಗುವುದಿಲ್ಲ. ಊರಿಗೆ ಅದರದೇ ಭಯಗಳಿವೆ, ಶಕ್ತಿ ಮತ್ತು ಖಳ ಆ ಭಯದಿಂದ ಹುಟ್ಟಬೇಕು. 2025ರ ಮಲಯಾಳಂ ಚಿತ್ರ ‘ಲೋಕಾ’ ತನ್ನ ಯಕ್ಷಿಯನ್ನು ಬೆಂಗಳೂರಿಗೇ ಕರೆತಂದಿದೆ. ನಮ್ಮ ಊರನ್ನು ಬೇರೆಯವರು ಬಳಸಿಕೊಂಡ ಮೇಲೆ ನಾವು ಇನ್ನೂ ಯೋಚಿಸುತ್ತ ಕೂರುವುದು ಚೆನ್ನಲ್ಲ.

ಅಭ್ಯಾಸಕ್ಕಾಗಿ ಒಂದು ಕಲ್ಪಿತ ಕಥೆ ಕಟ್ಟೋಣ. ವಿಷಯ ನೀರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ನಗರಕ್ಕೆ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ, ಹಾರೋಹಳ್ಳಿ ಮತ್ತು ತಾತಗುಣಿಯ ಪಂಪಿಂಗ್ ಕೇಂದ್ರಗಳ ಮೂಲಕ, ನೂರರಷ್ಟು ಕಿಲೋಮೀಟರ್ ಏರಿಕೊಂಡು ಬರುತ್ತದೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳು ಆ ನೀರಿಗಾಗಿ ವರ್ಷಗಟ್ಟಲೆ ಕಾದವು, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರ್ ಹಿಂದೆ ಓಡಿದ್ದು ಎಲ್ಲರಿಗೂ ನೆನಪಿದೆ. ಭಯ ಸಿದ್ಧವಾಗಿಯೇ ಇದೆ, ನೀವು ಹೊಸದಾಗಿ ಹುಟ್ಟಿಸಬೇಕಿಲ್ಲ.

ನಾಯಕಿ ಭಾಗ್ಯ, ಅವಳ ತಂದೆ ಬಡಾವಣೆಗೆ ನೀರು ಬಿಡುವ ವಾಲ್ವ್‌ಮ್ಯಾನ್. ನೆಲದ ಮೇಲೆ ಅಂಗೈ ಇಟ್ಟರೆ ಅವಳಿಗೆ ಕೆಳಗಿನ ಕೊಳವೆಗಳ ನೀರಿನ ಒತ್ತಡ ತಿಳಿಯುತ್ತದೆ, ಹರಿವನ್ನು ತಿರುಗಿಸಲೂ ಬರುತ್ತದೆ. ಇಷ್ಟೇ ಆದರೆ ಅದು ಜಾದೂ. ಇದಕ್ಕೊಂದು ಬೆಲೆ ಕಟ್ಟಿ: ಅವಳು ನೀರನ್ನು ಹುಟ್ಟಿಸಲಾರಳು, ಒಂದು ಬೀದಿಗೆ ಹರಿಸಿದರೆ ಇನ್ನೊಂದು ಬೀದಿ ಒಣಗುತ್ತದೆ. ಈ ಒಂದು ನಿಯಮದಿಂದ ಮುಂದಿನ ದೃಶ್ಯಗಳು ತಾವಾಗಿಯೇ ಹುಟ್ಟುತ್ತವೆ. ಮೊದಲ ಸಾಹಸದಲ್ಲಿ ಬೆಂಕಿ ಬಿದ್ದ ವಠಾರವನ್ನು ಉಳಿಸುತ್ತಾಳೆ, ಜನ ಹೊಗಳುತ್ತಾರೆ. ಎರಡು ದೃಶ್ಯಗಳ ನಂತರ, ಅದೇ ಹೊತ್ತಿಗೆ ಹತ್ತಿರದ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ನೀರು ನಿಂತಿತ್ತೆಂದು ಅವಳಿಗೆ ತಿಳಿಯುತ್ತದೆ. ‘ಇವಳು ಏನೇನು ಮಾಡಬಲ್ಲಳು’ ಎಂಬ ಪ್ರಶ್ನೆ ‘ಇವಳು ಮಾಡಬಹುದೇ’ ಎಂದಾಯಿತು.

ಖಳ ಯಾರು? ಟ್ಯಾಂಕರ್ ಮಾಲೀಕನನ್ನು ತಂದರೆ ಮೊದಲ ಹತ್ತು ನಿಮಿಷಕ್ಕೇ ಎಲ್ಲರಿಗೂ ಗೊತ್ತಾಗುತ್ತದೆ. ಸೇರ್ಪಡೆಯಾದ ಹಳ್ಳಿಯೊಂದರಲ್ಲಿ ಬೆಳೆದ, ಕೊಳವೆಜಾಲದ ನಕ್ಷೆ ಬಾಯಿಪಾಠವಿರುವ ಮಾಜಿ ಎಂಜಿನಿಯರ್ ಎಂದುಕೊಳ್ಳಿ. ನಗರದ ಒಳಭಾಗ ಒಂದು ವಾರ ಬಾಯಾರಲಿ, ಆಗ ಹೊರಗಿನವರ ಪಾಡು ತಿಳಿಯುತ್ತದೆ ಎಂಬುದು ಅವನ ವಾದ. ಪ್ರೇಕ್ಷಕರಲ್ಲಿ ಅರ್ಧ ಜನ ತಲೆದೂಗಬೇಕು. ಅವನು ದಿನಕ್ಕೊಂದು ವಲಯದ ನೀರು ನಿಲ್ಲಿಸುತ್ತ ಹೋಗುತ್ತಾನೆ. ಬೆರಳು ಮಡಚಿ ಎಣಿಸುವ ಲೆಕ್ಕ ಅದೇ.

ಈಗ ಮಧ್ಯಂತರ. ಹಾಲಿವುಡ್‌ನವರಿಗಿಲ್ಲದ ಈ ಸೌಲಭ್ಯ ನಮಗಿದೆ, ತೊಂದರೆಯೂ ಅದೇ. 140 ನಿಮಿಷದ ಕಥೆಯಲ್ಲಿ 70ರ ಆಸುಪಾಸಿಗೆ ಪ್ರೇಕ್ಷಕರನ್ನು ಹೊರಗೆ ಕಳಿಸಿ ಮತ್ತೆ ಒಳಗೆ ಕರೆಯಬೇಕು. ಸುಲಭದ ದಾರಿ ಒಂದು ದೊಡ್ಡ ಸ್ಫೋಟ, ನಾಯಕನ ಗರ್ಜನೆ. ಕಾಫಿ ಕುಡಿಯುವಷ್ಟರಲ್ಲಿ ಸ್ಫೋಟ ಮರೆತುಹೋಗುತ್ತದೆ. ಕೊರೆಯುವ ಪ್ರಶ್ನೆ ಇದ್ದರೆ ಕಾಫಿಯ ಜೊತೆ ಅದನ್ನೇ ಮಾತನಾಡುತ್ತಾರೆ. ನಮ್ಮ ಕಥೆಯಲ್ಲಿ ಭಾಗ್ಯ ನೆಲಕ್ಕೆ ಅಂಗೈ ಇಟ್ಟು, ವಾಲ್ವ್ ಮುಚ್ಚುತ್ತಿರುವ ಕೈಯ ಜಾಡು ಹಿಡಿದು ಓಡುತ್ತಾಳೆ. ಕತ್ತಲಲ್ಲಿ ವಾಲ್ವ್ ತಿರುಗಿಸುತ್ತ ನಿಂತಿರುವವನು ಅವಳ ತಂದೆ. ಅಲ್ಲಿ ಮಧ್ಯಂತರ. ಒಂದು ಪಟಾಕಿಯೂ ಸಿಡಿಯಲಿಲ್ಲ.

ಮಧ್ಯಂತರದ ನಂತರದ ಮೊದಲ ಹದಿನೈದು ನಿಮಿಷದಲ್ಲಿ ಫ್ಲ್ಯಾಶ್‌ಬ್ಯಾಕ್ ಹಾಕುವ ಚಟ ನಮ್ಮಲ್ಲಿ ಬಲವಾಗಿದೆ. ತಂದೆ ಏಕೆ ಹೀಗೆ ಮಾಡಿದ ಎಂದು ಇಪ್ಪತ್ತು ನಿಮಿಷ ಹಿಂದಕ್ಕೆ ಹೋದರೆ ಕಟ್ಟಿದ ಒತ್ತಡವೆಲ್ಲ ಸೋರಿಹೋಗುತ್ತದೆ. ಕಾರಣವನ್ನು ಜಗಳದ ಮಾತಿನಲ್ಲಿ, ಮಗಳು ಕೇಳಲಾರದ ಹೊತ್ತಿನಲ್ಲಿ ಹೇಳಿಸಿ. ಹಾಡು ಬೇಕೇಬೇಕು ಎಂದು ನಿರ್ಮಾಪಕರು ಹಟ ಹಿಡಿದರೆ, ಅದರೊಳಗೆ ಖಳನ ಎರಡು ವಲಯ ಒಣಗಲಿ.

ಪುಟದ ಲೆಕ್ಕದ ಬಗ್ಗೆಯೂ ಹೇಳಬೇಕು. ಒಂದು ಪುಟ ಎಂದರೆ ಒಂದು ನಿಮಿಷ ಎಂಬುದು ಇಂಗ್ಲಿಷ್ ಚಿತ್ರಕಥೆಯ ನಿಗದಿತ ಅಕ್ಷರಗಾತ್ರ, ಅಂಚುಗಳನ್ನು ನಂಬಿದ ಅಂದಾಜು. ಕನ್ನಡದ ಅಕ್ಷರ, ಒತ್ತಕ್ಷರಗಳಿಗೆ ಅದು ಹೊಂದುವುದಿಲ್ಲ. ಮೇಲಾಗಿ ‘ಮಾರುಕಟ್ಟೆಯಲ್ಲಿ ಹೊಡೆದಾಟ’ ಎಂಬ ಒಂದು ಸಾಲು ಪರದೆಯ ಮೇಲೆ ಆರು ನಿಮಿಷವಾಗಬಹುದು. ಸಂಭಾಷಣೆಯನ್ನು ಗಟ್ಟಿಯಾಗಿ ಓದಿ ಮೊಬೈಲ್‌ನ ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ, ಸಾಹಸವನ್ನು ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳುತ್ತ ಅಳೆಯಿರಿ.

ಹಂತ 8: ಕೊನೆಯ ಕದನವನ್ನು ಆಯ್ಕೆಯಾಗಿ ಬರೆಯಿರಿ

ಆಕಾಶಕ್ಕೆ ಚಿಮ್ಮುವ ಬೆಳಕಿನ ಕಂಬ, ಕೆಳಗೆ ಮುಖವಿಲ್ಲದ ಸೈನ್ಯ, ಉರುಳುವ ಕಟ್ಟಡಗಳು. ಇದನ್ನು ಇಷ್ಟು ಸಲ ನೋಡಿಯಾಗಿದೆ ಎಂದರೆ ಮುಂದಿನ ಇಪ್ಪತ್ತು ನಿಮಿಷ ಏನಾಗುತ್ತದೆಂದು ಮಕ್ಕಳೂ ಹೇಳುತ್ತಾರೆ. ಅಪಾಯದ ಗಾತ್ರ ಹಿಗ್ಗಿದಂತೆ ಅದು ಮುಟ್ಟುವುದು ಕಡಿಮೆಯಾಗುತ್ತದೆ. ಜಗತ್ತು ನಾಶವಾಗುವುದನ್ನು ಯಾವ ನಿರ್ಮಾಪಕರೂ ಬಿಡುವುದಿಲ್ಲ ಎಂದು ಪ್ರೇಕ್ಷಕರಿಗೆ ಗೊತ್ತು. ಆದರೆ ಒಬ್ಬ ತಂದೆ ನಿಜಕ್ಕೂ ಸಾಯಬಹುದು.

‘ದಿ ಡಾರ್ಕ್ ನೈಟ್’ ಕೊನೆಯಲ್ಲಿ ಎರಡು ದೋಣಿಗಳ ಜನರ ಕೈಗೆ ಪರಸ್ಪರರನ್ನು ಸ್ಫೋಟಿಸುವ ಗುಂಡಿ ಕೊಟ್ಟು ಮಧ್ಯರಾತ್ರಿಯ ಗಡುವಿಡುತ್ತದೆ. ಅಲ್ಲಿ ಬಿಗಿ ಹುಟ್ಟುವುದು ಅವರು ಗುಂಡಿ ಒತ್ತುತ್ತಾರೋ ಇಲ್ಲವೋ ಎಂಬುದರಿಂದ. ಭಾಗ್ಯಳಿಗೂ ಇಂತಹದೊಂದು ಇಕ್ಕಟ್ಟು ಕೊಡಿ. ಖಳನನ್ನು ಸೋಲಿಸಿದ ಮೇಲೂ ನೀರಿನ ಕೊರತೆ ಹಾಗೇ ಇರುತ್ತದೆ. ತಾತಗುಣಿಯಲ್ಲಿ ನಿಂತು ಅವಳು ಹರಿವನ್ನು ಸಮನಾಗಿ ಹಂಚಿದರೆ, ಅವಳನ್ನು ದೇವರಂತೆ ಕಂಡ ಸ್ವಂತ ಬಡಾವಣೆಯೇ ಅವಳನ್ನು ಶಪಿಸುತ್ತದೆ. ಈ ಆಯ್ಕೆಯನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಬರುತ್ತ ಉಳಿದ ನಾಲ್ಕು ತಿರುವುಗಳನ್ನು ಇಡಿ. ಮುಂದಿನಿಂದ ಬರೆದುಕೊಂಡು ಹೋದವರ ಕ್ಲೈಮ್ಯಾಕ್ಸ್ ಬಹುಪಾಲು ಹೊಡೆದಾಟದಲ್ಲೇ ಮುಗಿಯುತ್ತದೆ.

ಹೆಸರುಗಳು ಓಡಿದ ಮೇಲೆ ಬರುವ ತುಣುಕು ದೃಶ್ಯದ ಬಗ್ಗೆ ಕೇಳುವವರಿಗೆ: ಎರಡನೆಯ ಭಾಗದ ಆಸೆಗೆ ಮೊದಲ ಭಾಗದ ಕಥೆಯಿಂದ ಏನನ್ನೂ ಕದ್ದಿಡಬೇಡಿ. ಉಳಿದದ್ದು ನಿಮ್ಮಿಷ್ಟ.

ಹಂತ 9: ಬಾಯಲ್ಲಿ ಹೇಳಿ ಪರೀಕ್ಷಿಸಿ

ಗಾಂಧಿನಗರದಲ್ಲಿ ಚಿತ್ರಕಥೆಯನ್ನು ಓದುವವರಿಗಿಂತ ಕೇಳುವವರು ಹೆಚ್ಚು. ಹಾಗಾಗಿ ಬರೆದದ್ದನ್ನು ಅರ್ಧ ಗಂಟೆಯಲ್ಲಿ ಹೇಳಲು ಕಲಿಯಿರಿ. ಮೊದಲು ಸಿನಿಮಾದ ಗಂಧವಿಲ್ಲದ ಇಬ್ಬರನ್ನು ಕೂರಿಸಿಕೊಳ್ಳಿ: ಒಬ್ಬರು ಮನೆಯ ಹಿರಿಯರು, ಇನ್ನೊಬ್ಬರು ಹದಿಹರೆಯದವರು. ಗ್ರಾಫಿಕ್ಸ್ ಹೀಗಿರುತ್ತದೆ, ಹಿನ್ನೆಲೆ ಸಂಗೀತ ಹೀಗೆ ಏರುತ್ತದೆ ಎಂಬ ವಿವರಣೆಗಳಿಗೆ ನಿಷೇಧ ಹಾಕಿಕೊಳ್ಳಿ, ಅವು ಕಥೆಯ ತೂತು ಮುಚ್ಚುವ ತೇಪೆಗಳು. ಮೂರನೆಯವರೊಬ್ಬರ ಕೈಗೆ ನಿಮ್ಮ ದೃಶ್ಯಪಟ್ಟಿ ಕೊಟ್ಟು, ಕೇಳುಗರು ‘ಆಮೇಲೆ?’ ಎಂದ ಕಡೆ ಒಂದು ಗುರುತು, ಅತ್ತಿತ್ತ ನೋಡಿದ ಕಡೆ ಇನ್ನೊಂದು ಗುರುತು ಹಾಕಲು ಹೇಳಿ. ‘ಚೆನ್ನಾಗಿದೆ’ ಎಂಬ ಅಭಿಪ್ರಾಯ ಕೇಳಿ ತೆಗೆದುಕೊಳ್ಳಬೇಡಿ. ಮನೆಯವರು ಹಾಗೆಯೇ ಹೇಳುತ್ತಾರೆ. ಎರಡನೆಯ ಬಗೆಯ ಗುರುತು ಸತತ ಮೂರು ದೃಶ್ಯಗಳಿಗೆ ಬಿದ್ದಿದ್ದರೆ, ಆ ಮೂರರಲ್ಲಿ ಎರಡನ್ನು ತೆಗೆದುಹಾಕಿ, ಉಳಿದ ಒಂದರ ನಾಲ್ಕನೆಯ ಅಂಕಣವನ್ನು ಹೊಸದಾಗಿ ತುಂಬಿಸಿ, ಬೇರೆ ಇಬ್ಬರನ್ನು ಕೂರಿಸಿಕೊಂಡು ಮತ್ತೆ ಹೇಳಿ.